ಮಗ್ಗ ನಿಲ್ಲಿಸಿದ ಹುಲೆಪ್ಪ

ಬನಹಟ್ಟಿಯ ನೇಕಾರ ಹುಲೆಪ್ಪನಷ್ಟು ಸಲೀಸಾಗಿ ಅಳುವ ಗಂಡಸು ಕೃಷ್ಣೆಯ ಎರಡೂ ದಂಡೆಯಲ್ಲಿ ಇರಲಿಲ್ಲ. ಅವನೆದುರು ಉಳ್ಳಾಗಡ್ಡಿ ಹೆಚ್ಚಿದರೆ ಉಳ್ಳಾಗಡ್ಡಿಯೇ ನಾಚಿಕೊಳ್ಳುತ್ತಿತ್ತು. ಅವನ ಮದುವೆಯಲ್ಲಿ ಹೆಣ್ಣೊಪ್ಪಿಸುವಾಗ ಹೆಣ್ಣಿನ ತಾಯಿಗಿಂತ ಮೊದಲು ಬಿಕ್ಕಿದವನು ಮದುಮಗನೇ. "ನನಗ ಒಂದ ಹನಿ ಉಳಸಲಿಲ್ರಿ, ಎಲ್ಲಾ ಇವ್ರ ಅತ್ತ ಮುಗಿಸಿದ್ರು," ಎಂದು ಹೆಂಡತಿ ಪದ್ಮವ್ವ ಮೊಮ್ಮಕ್ಕಳಾದ ಮೇಲೂ ದೂರುತ್ತಿದ್ದಳು.

ಇಂಥವನ ಮನೆಗೆ ತೊಂಬತ್ತರ ಈಚೆಗೆ ಒಂದು ಕಪ್ಪು-ಬಿಳುಪು ಟೀವಿ ಬಂತು. ರವಿವಾರ ಮುಂಜಾನೆ ಅದರಲ್ಲಿ ಜಪಾನಿನವರು ಬರೆದ ಗೊಂಬೆಚಿತ್ರದ ಧಾರಾವಾಹಿಯೊಂದು ಹಿಂದಿಯಲ್ಲಿ ಬರತೊಡಗಿತು. ಹನಾ ಎಂಬ ಪುಟ್ಟ ಹುಡುಗಿ, ಅವಳ ಬೆನ್ನಿಗೊಂದು ಕುಂಟ ಬಾತುಕೋಳಿ. ಅಂಬಿಗನಾದ ಅಪ್ಪ ಬಿರುಗಾಳಿಯ ದಿನ ದೋಣಿ ಬಿಟ್ಟುಕೊಂಡು ಹೋದವನು ಮರಳಿಲ್ಲ. ಹುಡುಗಿ ದಿನಾ ಸಂಜೆ ಹೊಳೆದಂಡೆಯಲ್ಲಿ ದೀಪ ಹಚ್ಚಿಟ್ಟು ಕಾಯುತ್ತಾಳೆ. ಮೊದಲ ವಾರವೇ ಹುಲೆಪ್ಪನ ಟಾವೆಲ್ ತೊಪ್ಪೆಯಾಯಿತು. ಪದ್ಮವ್ವ ಅದನ್ನು ಹಿಂಡಿದ ನೀರಿಗೇ ಅಂಗಳದ ಬದನೆಗಿಡ ಕಾಯಿ ಬಿಟ್ಟಿತು. ಸುಳ್ಳಲ್ಲ, ಆ ಕಾಯಿ ನಾನು ತಿಂದಿದ್ದೇನೆ. ಪಲ್ಯಕ್ಕೆ ಬೇರೆ ಉಪ್ಪು ಬೇಕಾಗಲಿಲ್ಲ.

ಒಬ್ಬನೇ ಅತ್ತರೆ ಹುಲೆಪ್ಪನಿಗೆ ಸಮಾಧಾನವಿಲ್ಲ. ಕಂಡಕಂಡವರಿಗೆಲ್ಲ "ನೋಡ್ರಿ, ನೋಡ್ರಿ" ಎಂದು ಗಂಟುಬಿದ್ದ. ಹೊಸಬರಿಗೆ ಅವನದೇ ತಿಳುವಳಿಕೆ ಮಾತುಗಳಿದ್ದವು.

"ಮೊದಲ ಕಣ್ಣ ನೋಡಿ ನಗಬ್ಯಾಡ್ರಿ. ಆ ಮಂದಿ ಕಣ್ಣ ಎತ್ತಿನ ಕಣ್ಣಷ್ಟ ಬರೀತಾರ. ಎರಡ ವಾರ ತಡೀರಿ, ನಿಮ್ಮ ಕಣ್ಣೂ ಅಷ್ಟ ಆಗ್ತಾವು. ಹಿಂದಿ ತಿಳೀಲಿಲ್ಲಂದ್ರ ಬಾತುಕೋಳಿ ಕಡೆ ನೋಡ್ರಿ, ಅದು ಹಿಂದಿ ಮಾತಾಡೂದಿಲ್ಲ. ಮತ್ತ, ಟಾವೆಲ್ ನಿಮ್ಮನಿದ ತರ್ರಿ."

ಓಣಿಯ ಅರ್ಧ ಜನ ಹೀಗೆ ಅವನ ಪಡಸಾಲೆಗೆ ಬಂದು ಕೂತರು. ಆದರೆ ಒಂದು ತೊಡಕಿತ್ತು. ಅವನ ಮನೆಯ ಗೋಡೆಗೆ ಹತ್ತಿಕೊಂಡೇ ಗಿರಮಲ್ಲಪ್ಪ ಸಾವಕಾರನ ಮಗ್ಗದ ಕಾರ್ಖಾನೆ. ಹುಲೆಪ್ಪ ಪಾಳಿಯ ಮೇಲೆ ನೇಯುತ್ತಿದ್ದುದೂ ಅಲ್ಲೇ. ಕರೆಂಟ್ ಹೋದರೆ ಟೀವಿಯೂ ಇಲ್ಲ. ಕರೆಂಟ್ ಬಂದರೆ ಸಾವಕಾರನ ಮಗ್ಗಗಳೆಲ್ಲ ಒಮ್ಮೆಲೆ ಓಡಿ, ವೋಲ್ಟೇಜ್ ಇಳಿದು, ಟೀವಿಯ ಚಿತ್ರ ಕಡ್ಡಿಪೆಟ್ಟಿಗೆಯಷ್ಟಾಗುತ್ತಿತ್ತು. ಖಟಖಟ ಸದ್ದಿನಲ್ಲಿ ಮಾತು ಕೇಳುವುದಂತೂ ದೂರ. ಹೇಗೋ ಕಣ್ಣು ಕಿರಿದು ಮಾಡಿ ದಿನ ದೂಡಿದರು. ಅಷ್ಟರಲ್ಲಿ, ಬರುವ ರವಿವಾರ ಕಥೆ ಮುಗಿಯುತ್ತದೆಂದು ಟೀವಿಯವರು ಸಾರಿದರು. ಅಪ್ಪ ಬರುತ್ತಾನೋ ಇಲ್ಲವೋ? ಅದನ್ನು ಕಡ್ಡಿಪೆಟ್ಟಿಗೆಯಲ್ಲಿ ನೋಡಲು ಹುಲೆಪ್ಪ ತಯಾರಿರಲಿಲ್ಲ.

"ಸಾವಕಾರ್ರ, ರವಿವಾರ ಒಂದರ್ಧಾ ತಾಸ ಮಗ್ಗ ನಿಂದರಸ್ರಿ," ಎಂದು ಕೇಳಿಯೇಬಿಟ್ಟ.

"ಯಾಕ? ಯಾರ ಸತ್ರು?" ಎಂದ ಗಿರಮಲ್ಲಪ್ಪ. ತಪ್ಪೇನಿಲ್ಲ, ಕರೆಂಟ್ ಇದ್ದೂ ಮಗ್ಗ ನಿಲ್ಲುವುದು ಆ ಓಣಿಯಲ್ಲಿ ಸಾವಾದಾಗ ಮಾತ್ರ.

"ಯಾರೂ ಇಲ್ರಿ. ಟೀವ್ಯಾಗ ಆ ಗೊಂಬಿ ಕಥಿ ಐತೆಲ್ರಿ..."

"ಲೇ ಹುಲ್ಯಾ, ನಮ್ಮಪ್ಪ ಹೋದಾಗ ಅರ್ಧಾ ದಿನ ನಿಂದರಸೀನಿ. ಅದೂ ಕರೆಂಟ ಇರಲಿಲ್ಲಂತ. ನಿನ್ನ ಕುಂಟ ಬಾತುಕೋಳಿಗೆ ನಿಂದರಸ್ಲೇನು?"

ಹುಲೆಪ್ಪ ತನ್ನ ಮಗ್ಗಕ್ಕೆ ಮರಳಿದ. ಮಗ್ಗದ ಸದ್ದಿನಲ್ಲಿ ನೇಕಾರರು ಮಾತಾಡುವುದು ಕೈಯಿಂದಲೇ. ಚಹಾ, ನೂಲು, ಬೈಗುಳ, ಎಲ್ಲಕ್ಕೂ ಸನ್ನೆಯಿದೆ. ಸೋಮವಾರದಿಂದ ಅವನು ಕಥೆಯನ್ನು ಮೊದಲಿನಿಂದ ಕೈಯಲ್ಲೇ ಹೇಳತೊಡಗಿದ. ನೂಲು ಹರಿದು ಮಗ್ಗ ತಾನಾಗಿ ನಿಂತಾಗಲೆಲ್ಲ ಒಂದು ಕಾಲು ಮಡಚಿ ಬಾತುಕೋಳಿಯಾದ. ಎರಡೂ ಅಂಗೈ ಮರೆಮಾಡಿ ದೀಪ ಕಾದ. ಮೀಸೆ ತಿರುವಿದರೆ ಅಪ್ಪ, ತೋಳು ಬೀಸಿದರೆ ಬಿರುಗಾಳಿ. ಆ ಗಾಳಿಯ ರಭಸಕ್ಕೆ ಅತ್ತ ಗಲಗಲಿ ಊರಲ್ಲಿ ಒಣಹಾಕಿದ ಧೋತರ ಹಾರಿದವಂತೆ.

ಗಿರಮಲ್ಲಪ್ಪ ಮೊದಲ ದಿನ ಬಾಗಿಲಲ್ಲಿ ನಿಂತು ಬೈದ. ಮರುದಿನ ಬೈಯುವುದಕ್ಕೆಂದು ಬಂದು ನಿಂತೇ ನೋಡಿದ. ಆಮೇಲೆ ಸ್ಟೂಲು ತರಿಸಿಕೊಂಡ. ಶನಿವಾರ ಹುಲೆಪ್ಪ ಹಣೆಗೆ ಕೈಹಚ್ಚಿ ಹೊಳೆಯ ಕಡೆ ನೋಡುತ್ತ ನಿಂತುಬಿಟ್ಟ. ಸಾವಕಾರ ಅವಸರದಲ್ಲಿ ತನ್ನ ಮೀಸೆ ತಿರುವಿ, ಅಂಗೈ ಮಗುಚಿ ಕೇಳಿದ: ಅಪ್ಪ ಬಂದನೇನು? ಹುಲೆಪ್ಪ ಟೀವಿಯಿದ್ದ ಗೋಡೆ ತೋರಿಸಿದ, ಓಡುತ್ತಿದ್ದ ಮಗ್ಗ ತೋರಿಸಿದ, ಕೈಮುಗಿದ.

ಗಿರಮಲ್ಲಪ್ಪ ಸ್ಟೂಲು ಒದ್ದು ಎದ್ದುಹೋದ.

ರವಿವಾರ ಬೆಳಗ್ಗೆ ಪಡಸಾಲೆ ತುಂಬಿತ್ತು. ಕರೆಂಟೂ ಇತ್ತು, ಮಗ್ಗವೂ ಓಡುತ್ತಿತ್ತು. ಹುಲೆಪ್ಪ ಕಥೆ ಶುರುವಾಗುವ ಮುಂಚೆಯೇ ಅಳತೊಡಗಿದ್ದ. ಅಷ್ಟರಲ್ಲಿ ಒಮ್ಮೆಲೆ ಸದ್ದಡಗಿತು. ಕಡ್ಡಿಪೆಟ್ಟಿಗೆಯೊಳಗಿನ ಹನಾ ದೊಡ್ಡವಳಾಗಿ ಟೀವಿ ತುಂಬ ನಿಂತಳು. ಬಾಗಿಲಲ್ಲಿ ಗಿರಮಲ್ಲಪ್ಪ, ಹೆಗಲ ಮೇಲೆ ಮನೆಯ ಟಾವೆಲ್. "ಸರೀರಲೇ," ಎಂದು ಮುಂದೆಯೇ ಕೂತ.

ಓಣಿಯಲ್ಲಿ ಎಂಥ ನಿಶ್ಶಬ್ದವೆಂದರೆ, ಹುಟ್ಟಿದಾಗಿನಿಂದ ಅದನ್ನು ಕೇಳಿರದ ತೊಟ್ಟಿಲ ಕೂಸುಗಳು ಬೆಚ್ಚಿ ಚೀರಿದವು. ಸಾವಳಗಿ ಬಸ್ಸಿನ ಡ್ರೈವರ್ ತನ್ನ ಎಂಜಿನ್ನೇ ನಿಂತಿತೆಂದು ಇಳಿದು ಬಾನೆಟ್ ಎತ್ತಿದ. ಸೀರೆ ಒಯ್ಯಲು ರಬಕವಿಯಿಂದ ಬಂದಿದ್ದ ಅರಿವೆ ವ್ಯಾಪಾರಿ ಸಾತಪ್ಪ, ಗಿರಮಲ್ಲಪ್ಪನ ಮಗ್ಗ ನಿಂತಿವೆಯೆಂದರೆ ಗಿರಮಲ್ಲಪ್ಪನೇ ಹೋಗಿರಬೇಕೆಂದು ದೊಡ್ಡ ಹೂಮಾಲೆ ಕೊಂಡು ಓಡಿಬಂದ. ಒಳಗಿನ ಅಳು ಕೇಳಿ ಅವನ ಸಂಶಯವೂ ಹೋಯಿತು. ನುಗ್ಗಿ ನೋಡಿದರೆ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವನು ಸತ್ತವನೇ.

"ಗಿರಮಲ್ಲಣ್ಣಾ! ಮತ್ಯಾರ ಹೋದ್ರೋ?"

"ಸುಮ್ನ ಕುಂದ್ರೋ ಮಾರಾಯಾ! ಇನ್ನೂ ಯಾರೂ ಹೋಗಿಲ್ಲ. ದೀಪದಾಗಿನ ಎಣ್ಣಿ ತೀರೇತಿ!"

ಸಾತಪ್ಪ ಮಾಲೆ ಹಿಡಿದೇ ಕೂತ. ದೀಪ ಸಣ್ಣದಾಯಿತು, ಇನ್ನಷ್ಟು ಸಣ್ಣದಾಯಿತು. ಬಾತುಕೋಳಿ ಕುಂಟುತ್ತ ನೀರಿಗಿಳಿಯಿತು. ಮಂಜಿನೊಳಗಿಂದ ಒಂದು ದೋಣಿಯ ಮೂತಿ.

"ಬಂದಾ! ಬಂದಾನಲೇ ಹುಲ್ಯಾ!" ಎಂದು ಗಿರಮಲ್ಲಪ್ಪ ಜಿಗಿದು, ಸಾತಪ್ಪನ ಕೈಯ ಮಾಲೆ ಕಸಿದು ಟೀವಿಗೆ ಹಾಕಹೋದ.

"ಅಯ್ಯ, ಚಾಲೂ ಇದ್ದ ಟೀವಿಗೆ ಹೆಣದ ಮಾಲಿ ಹಾಕಬ್ಯಾಡ್ರಿ!" ಎಂದು ಪದ್ಮವ್ವ ಅಡ್ಡಬಂದಳು. ಮಾಲೆ ಹುಲೆಪ್ಪನ ಕೊರಳಿಗೆ ಬಿತ್ತು. ಅವನಿಗೆ ಅದರ ಖಬರೇ ಇಲ್ಲ, ಮೂಗು ಒರೆಸುತ್ತಿದ್ದ.

ಸೋಮವಾರ ಸಾತಪ್ಪ ಮತ್ತೆ ಬಂದ. ಗಿರಮಲ್ಲಪ್ಪ ಅವನಿಗೆ ಸೀರೆ ತೋರಿಸಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ, ಹುಲೆಪ್ಪನಿಗೆ 'ಮೊದಲಿಂದ' ಎಂದು ಸನ್ನೆ ಮಾಡಿ, ಮಗ್ಗದ ಸದ್ದಿನ ಮೇಲೆ ಸಾತಪ್ಪನ ಕಿವಿಯಲ್ಲಿ ಕೂಗಿದ:

"ಕಣ್ಣ ನೋಡಿ ನಗಬ್ಯಾಡ, ಎತ್ತಿನ ಕಣ್ಣಷ್ಟ ಇರ್ತಾವು! ಟಾವೆಲ್ ತಂದಿಯಿಲ್ಲೋ?"

ಹುಲೆಪ್ಪ ಆಗಲೇ ಒಂದು ಕಾಲು ಮಡಚಿದ್ದ.