ಓಲೆಬೆಲ್ಲದ ಕಟ್ಟು

ಆ ಬೀಡಿ ಧಣಿ ಸತ್ತಾಗ ಊರಿಗೆ ಊರೇ ನೋಡಲು ಹೋಗಿತ್ತು. ನಾನು ಹೋಗಲಿಲ್ಲ. ಅವನನ್ನು ಕ್ಷಮಿಸುವ ಮನಸ್ಸು ನನಗೆ ಇವತ್ತಿಗೂ ಇಲ್ಲ. ಕ್ಷಮಿಸು ಎಂದು ಉಪದೇಶ ಮಾಡುವವರನ್ನು ಕಂಡರೂ ನನಗಾಗದು.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ನಮ್ಮ ಮನೆ ಮಂಗಲ್ಪಾಡಿಯಲ್ಲಿ. ಅಪ್ಪ ಧಣಿಯ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದರು. ನಾನೂ ಅಮ್ಮನೂ ಅವನ ಅಂಗಡಿಯಿಂದ ಎಲೆ, ಹೊಗೆಸೊಪ್ಪು ತಂದು ಬೀಡಿ ಕಟ್ಟುತ್ತಿದ್ದೆವು. ಅಣ್ಣನಿಗೆ ಕೊಲಂಬೊದ ಹೋಟೆಲೊಂದರಲ್ಲಿ ಕೆಲಸ. ರಜೆಗೆ ಬಂದವನು ಮರಳಿ ಹೊರಟ ಬೆಳಿಗ್ಗೆ, ಎಂದೂ ನಮ್ಮ ಅಂಗಳ ತುಳಿಯದ ಧಣಿ ತಾನೇ ಬಂದ. ಕೈಯಲ್ಲಿ ತಾಳೆಗರಿ ಸುತ್ತಿದ ಓಲೆಬೆಲ್ಲದ ಕಟ್ಟು.

“ಅಲ್ಲಿ ನನ್ನ ಭಾವ ಇದ್ದಾನೆ. ಊರಿನ ಬೆಲ್ಲ ಅಂದ್ರೆ ಅವನಿಗೆ ಜೀವ. ಹೋಟ್ಲಿಗೇ ಬಂದು ತಕ್ಕೊಂಡು ಹೋಗ್ತಾನೆ” ಎಂದ.

ಅದನ್ನು ಅಣ್ಣನ ಟ್ರಂಕಿನಲ್ಲಿಟ್ಟವಳು ನಾನೇ.

ಹಡಗಿನಿಂದ ಇಳಿದಲ್ಲೇ ಅಣ್ಣನನ್ನು ಹಿಡಿದರಂತೆ. ಬೆಲ್ಲದ ಒಳಗೆ ಅಫೀಮು. ಸುದ್ದಿ ಬಂದ ದಿನವೇ ಧಣಿ ಅಪ್ಪನನ್ನು ಕರೆಸಿ, “ಮಗ ಅಂತೂ ಹೋದ. ಉಳಿದವರು ಈ ಊರಲ್ಲಿ ಇರ್ಬೇಕಾ ಬೇಡ್ವಾ, ನೀನೇ ನೋಡ್ಕೋ” ಎಂದ.

ತಿಂಗಳು ಕಳೆದು ನಮ್ಮ ಕಡೆಯ ಇನ್‌ಸ್ಪೆಕ್ಟರರ ಜೊತೆ ಸಿಲೋನಿನ ಪೋಲೀಸ್ ಅಧಿಕಾರಿಯೊಬ್ಬರು ಮನೆಗೆ ಬಂದರು. ಕಟ್ಟು ಕೊಟ್ಟವರು ಯಾರೆಂದು ಕೇಳಿದಾಗ ಅಪ್ಪ ಕೈಮುಗಿದು, “ನಮಗೆ ಎಂತದೂ ಗೊತ್ತಿಲ್ಲ ಸ್ವಾಮೀ” ಎಂದರು. ಅಧಿಕಾರಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಇನ್‌ಸ್ಪೆಕ್ಟರರು ಅದನ್ನು ಕನ್ನಡದಲ್ಲಿ ತಿಳಿಸಿದರು: “ಅಲ್ಲಿ ಚಾ ತೋಟದ ಒಬ್ಬಳು ಹೆಂಗಸು, ಮಗು ಮಲಗಲಿ ಅಂತ, ಮೊದಲು ಇಂಥದೇ ಕಟ್ಟಿನಲ್ಲಿ ಬಂದ ಅಫೀಮನ್ನು ಸ್ವಲ್ಪ ನೆಕ್ಕಿಸಿದಳಂತೆ. ಮಗು ಮತ್ತೆ ಏಳಲೇ ಇಲ್ಲ.”

ಅಧಿಕಾರಿ ಲಕೋಟೆಯಿಂದ ಕಟ್ಟಿಗೆ ಸುತ್ತಿದ್ದ ನೂಲನ್ನು ತೆಗೆದು ತೋರಿಸಿದರು. ಕಿತ್ತಳೆ ಬಣ್ಣದ ಬೀಡಿ ನೂಲು. ಆ ಬಣ್ಣದ್ದನ್ನು ನಮ್ಮೂರಲ್ಲಿ ಧಣಿಯ ಅಂಗಡಿ ಮಾತ್ರ ಕೊಡುತ್ತಿತ್ತು. ನನ್ನ ಮಡಿಲಲ್ಲಿದ್ದ ಮೊರದಲ್ಲೂ ಅದೇ ಇತ್ತು. ಮೊರವನ್ನು ಅವರ ಮುಂದೆ ಸರಿಸಿ, “ಕೊಟ್ಟದ್ದು ಧಣಿಗಳು. ನಾನೇ ಕಣ್ಣಾರೆ ನೋಡಿದ್ದೇನೆ. ಅಣ್ಣನಿಗೆ ಎಂತದೂ ಗೊತ್ತಿರಲಿಲ್ಲ” ಎಂದೆ.

ಅವತ್ತು ಮಧ್ಯಾಹ್ನವೇ ಗೋದಾಮು ಶೋಧಿಸಿದರು. ಅಂಥದೇ ಇನ್ನಷ್ಟು ಕಟ್ಟುಗಳು ಸಿಕ್ಕಿದವು. ಮಂಗಳೂರಿನ ಕೋರ್ಟಿನಲ್ಲಿ ದೇವರ ಮೇಲೆ ಆಣೆಯಿಟ್ಟು ಅದೇ ಮಾತು ಹೇಳಿದೆ. ಧಣಿಗೆ ಎರಡು ವರ್ಷ ಜೈಲಾಯಿತು. ನನ್ನ ಹೇಳಿಕೆಯ ಪ್ರತಿ ಕೊಲಂಬೊಕ್ಕೆ ಹೋಗಿ ಅಣ್ಣನ ಬಿಡುಗಡೆಯೂ ಆಯಿತು.

ಊರು ಮಾತ್ರ ನಮ್ಮ ಮೇಲೆ ತಿರುಗಿಬಿತ್ತು. ಧಣಿಯ ಅಂಗಡಿ ಮುಚ್ಚಿ ಎಷ್ಟೋ ಮನೆಗಳ ಬೀಡಿ ಕೆಲಸ ನಿಂತಿತ್ತು. ಆ ಸಿಟ್ಟೆಲ್ಲ ನನ್ನ ಮೇಲೆ. ಬಾವಿಕಟ್ಟೆಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಚಿಕ್ಕಮ್ಮ ಬಂದು, “ಹೆಣ್ಣು ಮಗಳಿಗೆ ಕೋರ್ಟು ಎಂತಕ್ಕೆ ಮಾರಾಯ್ತಿ? ಇನ್ನು ನಿನ್ನನ್ನು ಯಾರು ಮದುವೆ ಆಗ್ತಾರೆ?” ಎಂದರು. “ನಿಮ್ಮ ಮಗ ಜೈಲಲ್ಲಿದ್ದರೆ ಹೀಗೆ ಕೇಳ್ತಿದ್ರಾ?” ಎಂದೆ. ಆಮೇಲೆ ಅವರು ನಮ್ಮ ಕಡೆ ಬರಲಿಲ್ಲ. ನಾನು ಎಲೆಗಾಗಿ ಕುಂಬಳೆಯವರೆಗೆ ನಡೆಯತೊಡಗಿದೆ.

ಅಣ್ಣ ಬಂದ, ಅರ್ಧ ಆಳಾಗಿ. ಮೂರನೆಯ ದಿನ ಜಗಲಿಯಲ್ಲಿ ತಲೆತಗ್ಗಿಸಿ ಹೇಳಿದ: “ನನಗೆ ಗೊತ್ತಿತ್ತು. ದಾರಿಯಲ್ಲಿ ಒಂದು ಅಚ್ಚು ಬೆಲ್ಲ ಒಡೆದು ನೋಡಿದ್ದೆ.”

“ಮತ್ತೆ ಎಂತಕ್ಕೆ ಕೊಂಡುಹೋದದ್ದು? ಸಮುದ್ರಕ್ಕೆ ಬಿಸಾಡ್ಲಿಕ್ಕೆ ಆಗ್ತಿರಲಿಲ್ವಾ?”

“ಅಪ್ಪ ಧಣಿಗಳ ಗೋದಾಮಿನಲ್ಲಿ ಅಲ್ವಾ ಇರುವುದು? ಹೆದರಿಕೆ ಆಯ್ತು.”

ಅವನಿಗೆ ಗೊತ್ತಿರಲಿಲ್ಲ ಎಂದು ನಾನು ತುಂಬಿದ ಕೋರ್ಟಿನಲ್ಲಿ ಆಣೆಯಿಟ್ಟಿದ್ದೆ. ಕೈಗೆ ಸಿಕ್ಕಿದ, ಅಂಗಳ ಗುಡಿಸುವ ಹಿಡಿಸೂಡಿಯಿಂದ ಅಣ್ಣನಿಗೆ ಹೊಡೆದೆ, ಬೆಳೆದ ಗಂಡಸಿಗೆ. ಅವನು ತಡೆಯಲಿಲ್ಲ. ವರ್ಷಗಟ್ಟಲೆ ಅವನ ಜೊತೆ ಮಾತು ಬಿಟ್ಟೆ. ಆಮೇಲೆ ಮಾತಾಡಿದ್ದೂ ಅಮ್ಮನ ಕಾಯಿಲೆಯಲ್ಲಿ, ಆಡಲೇಬೇಕಾಗಿ ಬಂದದ್ದಕ್ಕೆ.