ಮೂವರಿಗೂ ಒಂದು

ಪಕ್ಕದ ಮನೆಯ ಲೆಕ್ಕದ ಮೇಷ್ಟ್ರ ಕೆಲಸ ಕಳೆದವರು ನಾವು ಹೆಂಗಸರು. ಅದರಲ್ಲೂ ನಾನು. ಮೊನ್ನೆ ಮೊಮ್ಮಗಳು ಪೆನ್ಸಿಲ್ ಹೆರೆಯುವಾಗ ಮರದ ವಾಸನೆ ಬಂತು, ಎಲ್ಲಾ ನೆನಪಾಯಿತು.

ಎಲೆಕ್ಷನ್ನಿಗೆ ನಿಂತವರಿಗೆಲ್ಲ ಬೇರೆಬೇರೆ ಡಬ್ಬ ಇಡುತ್ತಿದ್ದ ಕಾಲ. ಮೇಷ್ಟ್ರು ಸಾಲಗಾಮೆಯಿಂದ ಹಾಸನದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಒಂಟಿ ಜೀವ. ಸಂಜೆಯಾದರೆ ಜಗಲಿಯಲ್ಲಿ ಕೂತು ಸರ್ಕಾರಕ್ಕೆ ಅರ್ಜಿ ಬರೆಯೋರು. ಹೆಚ್ಚು ಜನಕ್ಕೆ ಬೇಡವಾದವನೂ ಗೆದ್ದುಬಿಡುತ್ತಾನೆ, ಅದು ತಪ್ಪಬೇಕು ಅನ್ನುವುದೇ ಅವರ ಹುಚ್ಚು. ನಿಂತವರಿಗೆಲ್ಲ ಒಂದು, ಎರಡು, ಮೂರು ಅಂತ ನಂಬರು ಹಾಕಬೇಕು. ಕಡೆಗೆ ಬಂದವನನ್ನು ತೆಗೆದು, ಅವನ ಓಟನ್ನು ಆ ಚೀಟಿಗಳಲ್ಲಿ ಎರಡು ಬಿದ್ದವನಿಗೆ ಸೇರಿಸಬೇಕು. ಒಂದು ಅರ್ಜಿಗೂ ಉತ್ತರ ಬರಲಿಲ್ಲ. ಪಾಠ ಬಿಟ್ಟು ಇದೇ ಮಾಡ್ತಾರೆ ಅಂತ ಕಾಲೇಜಿನಲ್ಲಿ ದೂರು ಬೇರೆ...

ಕೊನೆಗೆ ಪ್ರಿನ್ಸಿಪಾಲರು, ಒಂದು ಕಡೆ ಮಾಡಿ ತೋರಿಸಿ, ಇಲ್ಲವೇ ರಾಜೀನಾಮೆ ಕೊಡಿ ಅಂದರು. ನಮ್ಮ ಮಹಿಳಾ ಸಮಾಜಕ್ಕೆ ಅಧ್ಯಕ್ಷೆ ಬೇಕಿತ್ತು. ನಮ್ಮತ್ತೆ, ಪಟೇಲರ ಹೆಂಡತಿ, ಸೂಲಗಿತ್ತಿ ಅಜ್ಜಿ ನಿಂತರು. ಓದು ಬಾರದ ನಮಗೆ ಚೀಟಿಯಲ್ಲಿ ಹೆಸರಿನ ಬದಲು ದೀಪ, ಮೊರ, ಸೇರು. ಮೇಷ್ಟ್ರು ತಿಂಗಳುಗಟ್ಟಲೆ ನಂಬರು ತಿದ್ದಿಸಿದರು.

ಓಟಿನ ದಿನ ಪ್ರಿನ್ಸಿಪಾಲರು ಕಾರಿನಲ್ಲಿ ಬಂದರು. ಚೀಟಿ ಬಿಚ್ಚಿದರೆ ಎಲ್ಲದರಲ್ಲೂ ಮೂವರಿಗೂ ಒಂದು!

"ಮೂರು ಜನಾನೂ ಗೆದ್ರಲ್ರೀ ಮೇಷ್ಟ್ರೇ, ಸಿಹಿ ಹಂಚಿ," ಅಂತ ನಕ್ಕು ಎದ್ದರು.

ಮೇಷ್ಟ್ರು ನನ್ನ ಹತ್ತಿರ ಓಡಿ ಬಂದರು. "ಯಾಕಮ್ಮಾ ಹೀಗ್ಮಾಡಿದ್ರಿ?"

"ಅತ್ತೆಗೆ ಎರಡು ಆಕಿ ಮನೇಗ್ ಓಗಕಾಯ್ತದಾ ಸಾ? ಪಟೇಲಮ್ಮಂಗೆ ಆಕುದ್ರೆ ಬಾವಿತಾವ್ ಸುಮ್ಕೆ ಬುಟ್ಟಾರಾ? ಅಜ್ಜಿ ನನ್ ಮಗೀನ ಎತ್ತಿದೋಳು, ಅವಳ್ಗೆ ಮೂರಾ?"

"ನೀವೊಬ್ಬರಾದ್ರೂ ಈಗ ಬರೀರಮ್ಮ. ನಿಮ್ಮನ್ನ ನೋಡಿ ಉಳಿದವರೂ ಬರೀತಾರೆ. ಕಾರು ಹೊರಡ್ತಿದೆ. ನನ್ನ ಅನ್ನ ಹೋಗುತ್ತೆ..." ಪೆನ್ಸಿಲನ್ನು ನನ್ನ ಕೈಗೆ ತುರುಕಿದರು.

ನನಗೆ ನಂಬರು ಬರೆಯಲು ಬರುತ್ತಿತ್ತು. ಯಾರಿಗೆ ಎಷ್ಟು ಅನ್ನುವುದೂ ಗೊತ್ತಿತ್ತು. ಅಜ್ಜಿಗೇ ಒಂದು. ಅತ್ತೆ ಬೆನ್ನ ಹಿಂದೆ ಬಂದು ನಿಂತರು. "ಬರಿಯವ್ವ, ಬರಿ. ನೋಡಾನ," ಅಂದರು.

ಪೆನ್ಸಿಲ್ ಕೆಳಗಿಟ್ಟೆ.

ಮೇಷ್ಟ್ರು ಅರಕಲಗೂಡಿನಲ್ಲಿ ಮನೆಪಾಠ ಹೇಳುತ್ತಿದ್ದರೆಂದು ಕೇಳಿದೆ. ಆಮೇಲೆ... ತೀರಿಕೊಂಡರು ಅಂತಲೂ ಕೇಳಿದೆ. ಅತ್ತೆಯೂ ಇಲ್ಲ. ಈಗ ನಾನು ಯಾರಿಗೆ ಬೇಕಾದರೂ ಎರಡು ಹಾಕಬಲ್ಲೆ, ಬರೀರಮ್ಮ ಅನ್ನುವವರೇ ಇಲ್ಲ.

ಅವತ್ತಿನ ಮಾರನೆಯ ಬೆಳಿಗ್ಗೆ ನೀರಿಗೆ ಹೊರಟಿದ್ದೆ. ದಾರಿಯಲ್ಲಿ ಅವರು ಟ್ರಂಕು ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದರು. ಹೊರಟವರಿಗೆ ಖಾಲಿ ಕೊಡ ಎದುರಾಗಬಾರದು ಅಂತ ನನಗೆ ನಾನೇ ನೆಪ ಹೇಳಿಕೊಂಡು, ಗದ್ದೆ ಬದುವಿನ ಮೇಲೆ ಸುತ್ತಿಕೊಂಡು ಹೋದೆ.