ಮಿಷನ್ ಅಕ್ಕನ ಬ್ಯಾಡ್ಜು

ಒಂದು ಪುಟ್ಟ ದೇಶದ ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಮಿಷನ್ ಅಕ್ಕ ಎಂದೇ ಕರೆಯುತ್ತಿದ್ದರು. ಕ್ಯಾನ್ಸರ್ ರೋಗಿಗಳಿಗೆ ಕೋಬಾಲ್ಟ್ ಯಂತ್ರದಿಂದ ಕಿರಣ ಕೊಡುವುದು ಆಕೆಯ ಕೆಲಸ. ರೋಗಿಯನ್ನು ಮಲಗಿಸಿ, ಹೊರಗೆ ಬಂದು, ದಪ್ಪ ಬಾಗಿಲು ಮುಚ್ಚಿ ಗುಂಡಿ ಒತ್ತಬೇಕು. ಆಕೆಯ ಮೈಗೆ ಎಷ್ಟು ವಿಕಿರಣ ತಾಕಿತೆಂದು ತಿಳಿಯಲು ಕೋಟಿನ ಜೇಬಿಗೆ ಪುಟ್ಟ ಬ್ಯಾಡ್ಜೊಂದನ್ನು ಸಿಕ್ಕಿಸಿರುತ್ತಿದ್ದರು. ಆಗಾಗ ಅದು ಪರೀಕ್ಷೆಗೆ ಹೋಗಿ ಬರುತ್ತಿತ್ತು. ಇಷ್ಟು ವರ್ಷ ತುಟಿಪಿಟಕ್ಕೆನ್ನದ ಬ್ಯಾಡ್ಜು ಈ ಸಲ ಬಾಯಿಬಿಟ್ಟಿತು, ಮಿತಿ ಮೀರಿತ್ತು.

"ಎಲ್ಲಿ ಎಡವಟ್ಟಾಯ್ತು, ನೆನಪು ಮಾಡ್ಕೊಳ್ಳಮ್ಮ," ಎಂದರು ಸುರಕ್ಷತಾ ಅಧಿಕಾರಿ.

"ಒಬ್ರು ಅಜ್ಜಿ ಚಳಿಗೆ ನಡುಗ್ತಿದ್ರು ಸಾರ್. ನನ್ನ ಕೋಟು ಅವರ ಕಾಲಿಗೆ ಹೊದಿಸ್ದೆ. ತೆಗೆಯೋದು ಮರೆತು ಬಾಗಿಲು ಹಾಕ್ಬಿಟ್ಟೆ."

ಹಾಗಿದ್ದರೆ ಕಿರಣ ತಿಂದದ್ದು ಬರೀ ಕೋಟು. ಆದರೆ ಅದೇ ತಿಂಗಳು ಯಂತ್ರದೊಳಗಿನ, ಕಿರಣ ಸೂಸುವ ಕೋಬಾಲ್ಟ್ ತುಣುಕು ತನ್ನ ಸೀಸದ ಗೂಡಿಗೆ ಮರಳದೆ ಸಿಕ್ಕಿಕೊಂಡಾಗ, ಒಳಗೆ ನುಗ್ಗಿ ರೋಗಿಯನ್ನು ಎಳೆದು ತಂದವಳೂ ಆಕೆಯೇ. ಕೋಟಿಗೆ ಬಿದ್ದದ್ದೋ, ಮೈಗೆ ಬಿದ್ದದ್ದೋ, ಬ್ಯಾಡ್ಜು ಹೇಳಲಾರದು.

ರಕ್ತ ಹೇಳುತ್ತದೆ. ವಿಕಿರಣ ಬಲವಾಗಿ ತಾಕಿದ್ದರೆ ರಕ್ತಕಣದೊಳಗಿನ ವರ್ಣತಂತುಗಳೆಂಬ ಎಳೆಗಳು ತುಂಡಾಗಿ, ಅಡ್ಡಾದಿಡ್ಡಿ ಕೂಡಿಕೊಂಡಿರುತ್ತವೆ. ಅದನ್ನು ಎಣಿಸುವ ಪ್ರಯೋಗಾಲಯ ಆ ದೇಶದಲ್ಲಿರಲಿಲ್ಲ. ಅಧಿಕಾರಿ ಅಣುಶಕ್ತಿಯ ಅಂತರರಾಷ್ಟ್ರೀಯ ಸಂಸ್ಥೆಗೆ ಬರೆದರು. ಆಕೆಯ ರಕ್ತ ಪರೀಕ್ಷಿಸಲು ಬೇರೆ ಎರಡು ದೇಶಗಳು ಒಪ್ಪಿಕೊಂಡವು. ಒಬ್ಬರ ಎಣಿಕೆ ಇನ್ನೊಬ್ಬರಿಗೆ ತಿಳಿಯದಂತೆ ಎಣಿಸಬೇಕು, ಆಮೇಲೆ ತಾಳೆ ನೋಡಬೇಕು. ಅಲ್ಲಿಯತನಕ ಆಕೆಗೆ ಚೀಟಿ ಕೊಡುವ ಕಿಟಕಿಯಲ್ಲಿ ಕೆಲಸ.

"ಕತ್ತಲಲ್ಲಿ ಹೊಳೆಯೋಕೆ ಶುರುವಾದ್ರೆ ಹೇಳಿ ಅಕ್ಕ, ನಮ್ಮನೆ ಕರೆಂಟ್ ಬಿಲ್ ಉಳಿಯುತ್ತೆ," ಎಂದ ವಾರ್ಡಿನವನು. ಆಕೆಗೆ ನಗು ಬರಲಿಲ್ಲ, ಕೋಪವೂ ಬರಲಿಲ್ಲ. ಎಲ್ಲವೂ ಗಾಜಿನ ಆಚೆ ನಡೆಯುತ್ತಿರುವಂತೆ ಕಾಣುತ್ತಿತ್ತು.

ತಾಯಿ, ಮಗಳು ಇದ್ದ ಮನೆಗೆ ಬಾಣಂತಿ ತಂಗಿ ಬಂದಿದ್ದಳು. ಮಗುವನ್ನು ಅಕ್ಕ ಮುಟ್ಟಿರಲಿಲ್ಲ.

"ವಿಕಿರಣ ಏನು ಅಂಟುಜಾಡ್ಯವಾ ಅಂತ ಊರಿಗೆಲ್ಲ ಬುದ್ಧಿ ಹೇಳೋಳು ನೀನು. ನಿನ್ನ ಮಾತಲ್ಲಿ ನಿನಗೇ ನಂಬಿಕೆ ಇಲ್ವೇನೇ?" ಎಂದಳು ತಂಗಿ.

"ನನಗೇನೋ ಇದೆ ಕಣೆ. ಕೈಗೆ ಇಲ್ಲ."

ಫಲಿತಾಂಶ ಬಂದ ದಿನ ಅಧಿಕಾರಿ ಕಿಟಕಿಯ ಬಳಿಗೇ ನಡೆದು ಬಂದರು. "ಎರಡು ಕಡೆಯ ಎಣಿಕೆಯೂ ಒಂದೇ ಅಮ್ಮ. ಮೈಗೆ ಏನೂ ಆಗಿಲ್ಲ, ಕಿರಣ ಬಿದ್ದಿದ್ದು ಕೋಟಿಗೇ. ನಾಳೆಯಿಂದ ಮಿಷನ್ ರೂಮಿಗೆ ಬಾ. ಆಮೇಲೆ, ಹೇಗಾಯ್ತು ಅಂತ ಆ ಸಂಸ್ಥೆಗೆ ಬರೆದುಕೊಡಬೇಕಂತೆ. ಬೇರೆಯವರಿಗೂ ಪಾಠ ಆಗ್ಲಿ ಅಂತ, ನಿನ್ನ ಹೆಸರಿಲ್ಲದೆ ಎಲ್ಲ ದೇಶದ ಆಸ್ಪತ್ರೆಗಳಿಗೂ ಕಳಿಸ್ತಾರೆ."

ಆಕೆ ಅಲ್ಲೇ ನಿಂತು ಬರೆದಳು. ಕೋಟು ಹೊದಿಸಿದ್ದನ್ನು ಬರೆದು, ಚಿಕಿತ್ಸೆಯ ಕೋಣೆಯಲ್ಲಿ ಎರಡು ಕಂಬಳಿ ಇಟ್ಟಿರಬೇಕು ಎಂದು ಕೊನೆಗೆ ಸೇರಿಸಿದಳು.

ಸಂಜೆ ಸುದ್ದಿ ಕೇಳಿದ್ದೇ ತಡ, ತಂಗಿ ಮಗುವನ್ನು ತಂದು ಅಕ್ಕನ ಮಡಿಲಿಗೆ ಹಾಕಿದಳು. ಆಕೆ ಕೈ ಹಿಂದೆಗೆಯಲಿಲ್ಲ. ಮಗು ಭಾರವಾಗಿತ್ತು, ಬೆಚ್ಚಗಿತ್ತು. ಅಷ್ಟು ಮಾತ್ರ ತಿಳಿಯುತ್ತಿತ್ತು.

"ಇನ್ನಾದರೂ ನಗಬಾರ್ದಾ?" ಎಂದರು ತಾಯಿ.

"ನಗು ನಿಧಾನಕ್ಕೆ ಬರುತ್ತೆ ಅಮ್ಮ," ಎಂದು ಆಕೆ ಮಗುವಿನ ತಲೆಗೆ ತೋಳು ಕೊಟ್ಟು ಸರಿಯಾಗಿ ಕೂತಳು.